ಹೆಪಟೈಟಿಸ್ ಬಿ ವಂಶದಲ್ಲಿ ಹರಿಯುವ ಕಾಯಿಲೆಯೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ತಾಯಿಯವರಿಗೆ ಹೆಪಟೈಟಿಸ್ ಬಿ ಇರುವುದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿದ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಆಮೇಲೆ ನಾವು ಮಕ್ಕಳೆಲ್ಲರೂ ಪರೀಕ್ಷೆ ಮಾಡಿಸಿಕೊಂಡೆವು. 44 ವರ್ಷದ ಅಣ್ಣನಿಗೆ ಸೋಂಕು ಇದೆ. 39 ವರ್ಷದ ನನಗೆ ಯಾವಾಗಲೋ ಬಂದು ವಾಸಿಯಾಗಿದೆ ಎಂದರು. 33 ವರ್ಷದ ತಂಗಿಗೆ ಏನೂ ಇಲ್ಲ. ಸೋದರಮಾವ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತಂದೆ-ತಾಯಿಯದು ರಕ್ತಸಂಬಂಧದ ಮದುವೆಯಾದ್ದರಿಂದ ಕಾಯಿಲೆ ವಂಶದಲ್ಲೇ ಇದೆ ಎಂದು ನೆಂಟರು ಹೇಳುತ್ತಾರೆ. ಒಂದೇ ತಾಯಿಯ ಮೂವರು ಮಕ್ಕಳಿಗೆ ಮೂರು ಬಗೆಯಾಗಿದ್ದು ಹೇಗೆ? ಜೀನ್ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆಯೇ? ಇನ್ನೊಂದು ವಿಷಯ: ನನ್ನ ಹೆಂಡತಿ ನರ್ಸ್. ಮೂರು ಡೋಸ್ ಲಸಿಕೆ ಹಾಕಿಸಿಕೊಂಡರೂ ಆಕೆಗೆ ಆಂಟಿಬಾಡಿ ಬಂದಿಲ್ಲ ಎಂದು ವರದಿ ಬಂದಿದೆ. ಅದಕ್ಕೂ ವಂಶವಾಹಿಗಳೇ ಕಾರಣವೇ?

ಉತ್ತರ: ಮೊದಲು ನೆಂಟರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಹೆಪಟೈಟಿಸ್ ಬಿ ವಂಶಪಾರಂಪರ್ಯವಾಗಿ ಬರುವ ಕಾಯಿಲೆಯಲ್ಲ. ಅದು ಲಿವರಿಗೆ ವೈರಾಣುವಿನಿಂದ ಬರುವ ಸೋಂಕು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ಮಗುವಿಗೆ, ಎಳೆಯ ಮಕ್ಕಳ ನಡುವೆ ಗಾಯ-ತರಚುಗಳ ಮೂಲಕ, ಹಾಗೆಯೇ ಶುದ್ಧಗೊಳಿಸದ ಸೂಜಿ, ಕ್ಷೌರದ ಬ್ಲೇಡು, ಪರೀಕ್ಷಿಸದ ರಕ್ತ ಮತ್ತು ಲೈಂಗಿಕ ಸಂಪರ್ಕದಿಂದ ಅದು ಹರಡುತ್ತದೆ. ಒಂದೇ ಮನೆತನದಲ್ಲಿ ತಾಯಿ, ತಾಯಿಯ ಒಡಹುಟ್ಟಿದವರು, ಮಕ್ಕಳು ಹೀಗೆ ಹಲವರಲ್ಲಿ ಕಾಣಿಸಿಕೊಂಡಾಗ ವಂಶದ ಕಾಯಿಲೆಯಂತೆ ತೋರುವುದು ಸಹಜ. ಆದರೆ ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿರುವುದು ವೈರಾಣುವೇ ಹೊರತು ದೋಷವುಳ್ಳ ವಂಶವಾಹಿಯಲ್ಲ. ನಿಮ್ಮ ಅಜ್ಜಿಗೆ ಸೋಂಕು ಇದ್ದು, ಅವರಿಂದ ನಿಮ್ಮ ತಾಯಿಗೂ, ಸೋದರಮಾವನಿಗೂ ಸೋಂಕು ಇದ್ದಿದ್ದರೆ ಅವರಿಗೂ, ಹುಟ್ಟುವಾಗಲೇ ಬಂದಿರುವ ಸಾಧ್ಯತೆ ಸಾಕಷ್ಟಿದೆ.

ಹಾಗೆಂದು ವಂಶವಾಹಿಗಳಿಗೆ ಇದರಲ್ಲಿ ಏನೂ ಪಾತ್ರವಿಲ್ಲ ಎನ್ನುವಂತಿಲ್ಲ. ವೈರಾಣು ಮೈಯೊಳಗೆ ಸೇರಿದ ಮೇಲೆ ದೇಹ ಅದನ್ನು ಕೆಲವು ತಿಂಗಳಲ್ಲಿ ಹೊರಹಾಕುತ್ತದೆಯೋ, ಅದು ಜೀವನಪರ್ಯಂತ ಉಳಿದುಬಿಡುತ್ತದೆಯೋ, ಉಳಿದರೆ ಲಿವರ್ ಎಷ್ಟು ಬೇಗ ಗಟ್ಟಿಯಾಗಿ ಸಿರೋಸಿಸ್ ಹಂತ ಮುಟ್ಟುತ್ತದೆ, ಲಸಿಕೆಗೆ ಮೈ ಸ್ಪಂದಿಸುತ್ತದೆಯೋ ಇಲ್ಲವೋ ಎಂಬ ಎಲ್ಲದರಲ್ಲಿಯೂ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಆನುವಂಶಿಕ ವ್ಯತ್ಯಾಸಗಳ ಪ್ರಭಾವ ಇದೆ ಎಂಬುದು ಕಳೆದ ಮೂರು ದಶಕಗಳ ಅಧ್ಯಯನಗಳಿಂದ ಖಚಿತವಾಗಿದೆ. ಆದರೆ ನಿಮ್ಮ ಮನೆಯ ಲೆಕ್ಕವನ್ನು ಬಿಡಿಸಲು ನಾನು ವಂಶವಾಹಿಗಳಿಂದ ಶುರುಮಾಡುವುದಿಲ್ಲ. ಮೂವರು ಮಕ್ಕಳ ಹುಟ್ಟಿದ ವರ್ಷಗಳಿಂದ ಶುರುಮಾಡುತ್ತೇನೆ.

ಹೆಪಟೈಟಿಸ್ ಬಿ ವಿಷಯದಲ್ಲಿ ಸೋಂಕು ತಗುಲಿದ ವಯಸ್ಸಿನಷ್ಟು ಪ್ರಬಲವಾದ ಅಂಶ ಇನ್ನೊಂದಿಲ್ಲ. ಹುಟ್ಟುವಾಗ ಸೋಂಕು ತಗುಲಿದ ನೂರು ಶಿಶುಗಳಲ್ಲಿ ಸುಮಾರು 90ರಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಒಂದರಿಂದ ಐದು ವರ್ಷದೊಳಗೆ ತಗುಲಿದರೆ ಸುಮಾರು ಕಾಲು ಭಾಗದಿಂದ ಅರ್ಧದಷ್ಟು ಮಕ್ಕಳಲ್ಲಿ ಉಳಿಯುತ್ತದೆ. ಆರೋಗ್ಯವಂತ ವಯಸ್ಕರಿಗೆ ತಗುಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ ಉಳಿಯುತ್ತದೆ. ಯಾವ ವಂಶವಾಹಿಯ ವ್ಯತ್ಯಾಸವೂ ಇಷ್ಟು ದೊಡ್ಡ ಅಂತರವನ್ನು ಉಂಟುಮಾಡುವುದಿಲ್ಲ. ಎರಡನೆಯದು, ಹೆರಿಗೆಯ ಸಮಯದಲ್ಲಿ ತಾಯಿಯ ರಕ್ತದಲ್ಲಿದ್ದ ವೈರಾಣುವಿನ ಪ್ರಮಾಣ. ವೈರಾಣು ಚುರುಕಾಗಿ ವೃದ್ಧಿಯಾಗುತ್ತಿದೆ ಎಂಬುದನ್ನು ಸೂಚಿಸುವ ಇ-ಆಂಟಿಜನ್ ತಾಯಿಯಲ್ಲಿದ್ದು, ಮಗುವಿಗೆ ಲಸಿಕೆಯ ರಕ್ಷಣೆ ಸಿಗದಿದ್ದರೆ, ನೂರರಲ್ಲಿ 70ರಿಂದ 90 ಮಕ್ಕಳಿಗೆ ಸೋಂಕು ತಗುಲುತ್ತದೆ. ಇ-ಆಂಟಿಜನ್ ಇಲ್ಲದ ತಾಯಿಯಿಂದ ತಗುಲುವ ಸಂಭವ ಅದಕ್ಕಿಂತ ಬಹಳ ಕಡಿಮೆ. ಇಲ್ಲಿ ಗಮನಿಸಬೇಕಾದದ್ದು, ವಯಸ್ಸಾಗುತ್ತ ಹೋದಂತೆ ಬಹಳಷ್ಟು ಮಂದಿಯಲ್ಲಿ ಈ ಇ-ಆಂಟಿಜನ್ ತಾನಾಗಿಯೇ ಮರೆಯಾಗುತ್ತದೆ, ವೈರಾಣುವಿನ ಪ್ರಮಾಣವೂ ಇಳಿಯುತ್ತದೆ.

ಈಗ ನಿಮ್ಮ ಮನೆಗೆ ಬರೋಣ. ಅಣ್ಣ ಹುಟ್ಟಿದಾಗ ನಿಮ್ಮ ತಾಯಿ ಎಳೆಯ ವಯಸ್ಸಿನವರು, ರಕ್ತದಲ್ಲಿ ವೈರಾಣು ಹೇರಳವಾಗಿ ಇದ್ದಿರಬೇಕು. ಮಗುವಿಗೆ ಹುಟ್ಟುವಾಗಲೇ ಸೋಂಕು ತಗುಲಿ ಉಳಿದುಕೊಂಡಿತು. ತಂಗಿ ಹುಟ್ಟಿದ್ದು ಹನ್ನೊಂದು ವರ್ಷದ ಅನಂತರ; ಅಷ್ಟರಲ್ಲಿ ತಾಯಿಯ ರಕ್ತದಲ್ಲಿ ವೈರಾಣು ಇಳಿದಿದ್ದರೆ ಆಕೆಗೆ ಸೋಂಕು ತಗುಲದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ನಿಮಗೆ ಬಹುಶಃ ಹೆರಿಗೆಯಲ್ಲಿ ಅಲ್ಲ, ಆಮೇಲೆ, ಬಾಲ್ಯದಲ್ಲಿ ಅಣ್ಣನ ಜೊತೆ ಆಡುವಾಗಲೋ, ದೊಡ್ಡವರಾದ ಮೇಲೆ ಯಾವುದೋ ಸೂಜಿ ಅಥವಾ ಬ್ಲೇಡಿನಿಂದಲೋ ತಗುಲಿರಬೇಕು. ನಿಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಹಿಮ್ಮೆಟ್ಟಿಸಿದೆ. ಇದೇ ನಡೆದದ್ದು ಎಂದು ಪ್ರಮಾಣ ಮಾಡಿ ಹೇಳಲಾಗದು. ಆದರೆ ವಂಶವಾಹಿಗಳ ಮಾತೇ ಎತ್ತದೆ ಮೂವರ ಸ್ಥಿತಿಯನ್ನೂ ವಿವರಿಸಬಹುದು ಎಂಬುದನ್ನು ನೀವು ಗಮನಿಸಬೇಕು. ಕುಟುಂಬದ ವಿಷಯದಲ್ಲಿ ವೈದ್ಯರೂ ಕೆಲವೊಮ್ಮೆ ಇದನ್ನು ಮರೆಯುತ್ತಾರೆ.

ಹಾಗಾದರೆ ವಂಶವಾಹಿಗಳ ಪ್ರಭಾವವನ್ನು ವಿಜ್ಞಾನಿಗಳು ಬೇರ್ಪಡಿಸಿ ನೋಡಿದ್ದು ಹೇಗೆ? ಇದಕ್ಕೆ ಒಂದೇ ವೈರಾಣು, ಒಂದೇ ಮಾರ್ಗದಿಂದ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಬಹಳ ಮಂದಿಗೆ ತಗುಲಿದ ಸಂದರ್ಭ ಬೇಕು. ಬೇಕೆಂದು ಅಂಥದ್ದನ್ನು ಏರ್ಪಡಿಸುವಂತಿಲ್ಲ. ಆದರೆ ಐರ್ಲೆಂಡಿನಲ್ಲಿ ಒಂದು ದುರಂತದ ಮೂಲಕ ಅದು ಒದಗಿತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ ಹೆರಿಗೆಯ ನಂತರ ತಾಯಿಗೆ ಆಂಟಿ-ಡಿ ಎಂಬ ಚುಚ್ಚುಮದ್ದು ಕೊಡುತ್ತಾರೆ, ನಮ್ಮಲ್ಲೂ ಕೊಡುತ್ತಾರೆ. ಅದನ್ನು ದಾನಿಗಳ ರಕ್ತದ ಪ್ಲಾಸ್ಮಾದಿಂದ ತಯಾರಿಸಲಾಗುತ್ತದೆ. 1977-78ರಲ್ಲಿ ಐರ್ಲೆಂಡಿನಲ್ಲಿ ಕೊಟ್ಟ ಈ ಚುಚ್ಚುಮದ್ದಿನ ಕೆಲವು ಬ್ಯಾಚುಗಳಲ್ಲಿ ಒಂದೇ ಮೂಲದಿಂದ ಬಂದ ಹೆಪಟೈಟಿಸ್ ಸಿ ವೈರಾಣು ಸೇರಿಕೊಂಡಿತ್ತು. ಇದು ನಿಮ್ಮ ಮನೆಯ ಬಿ ವೈರಾಣು ಅಲ್ಲ, ಲಿವರಿಗೇ ತಗುಲುವ ಇನ್ನೊಂದು ವೈರಾಣು. ಆಗ ಆ ವೈರಾಣುವಿಗೆ ಹೆಸರೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಅದನ್ನು ಪತ್ತೆಹಚ್ಚಿದ್ದೇ 1989ರಲ್ಲಿ. ವಿಷಯ ಬೆಳಕಿಗೆ ಬಂದದ್ದು 1994ರಲ್ಲಿ. ಆಂಟಿ-ಡಿ ಪಡೆದಿದ್ದ 62 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿದಾಗ 704 ಮಂದಿಯಲ್ಲಿ ಸೋಂಕು ತಗುಲಿದ್ದರ ಕುರುಹು ಸಿಕ್ಕಿತು. ಅವರಲ್ಲಿ 390 ಮಂದಿಯ, ಅಂದರೆ ಶೇಕಡ 55ರಷ್ಟು ಮಂದಿಯ ರಕ್ತದಲ್ಲಿ ಹದಿನೇಳು ವರ್ಷಗಳ ನಂತರವೂ ವೈರಾಣು ಇತ್ತು. ಉಳಿದವರಲ್ಲಿ ವೈರಾಣು ಕಾಣಿಸಲಿಲ್ಲ. ಒಂದೇ ವೈರಾಣು, ಒಂದೇ ಬಗೆಯ ಚುಚ್ಚುಮದ್ದು, ಎಲ್ಲರೂ ಆರೋಗ್ಯವಂತ ಯುವ ತಾಯಂದಿರು. ಆದರೂ ಫಲಿತಾಂಶ ಹೆಚ್ಚುಕಡಿಮೆ ಅರ್ಧಕ್ಕರ್ಧ ಹಂಚಿಹೋಗಿತ್ತು.

ಈ ಮಹಿಳೆಯರ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಎದ್ದು ಕಂಡ ಹೆಸರು ಎಚ್‌ಎಲ್‌ಎ. ಮೂತ್ರಪಿಂಡದ ಕಸಿಗೆ ಮೊದಲು 'ಮ್ಯಾಚಿಂಗ್' ನೋಡುತ್ತಾರಲ್ಲ, ಅದೇ ಎಚ್‌ಎಲ್‌ಎ. ಇದರ ನಿಜವಾದ ಕೆಲಸ ಕಸಿಗೆ ಸಂಬಂಧಿಸಿದ್ದಲ್ಲ. ಸೋಂಕು ತಗುಲಿದ ಜೀವಕೋಶವು ತನ್ನೊಳಗಿನ ವೈರಾಣುವಿನ ಪ್ರೋಟೀನನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನು ತಟ್ಟೆಯ ಮೇಲೆ ಇಟ್ಟು ತೋರಿಸುವಂತೆ, ಎಚ್‌ಎಲ್‌ಎ ಅಣುವಿನ ಮೇಲಿರಿಸಿ ಹೊರಮೈಯಲ್ಲಿ ಪ್ರದರ್ಶಿಸುತ್ತದೆ. ಅಲ್ಲಿ ಗಸ್ತು ತಿರುಗುವ ಟಿ-ಕೋಶಗಳು ಅದನ್ನು ಗುರುತಿಸಿದರೆ ಮಾತ್ರ ಆ ಕೋಶವನ್ನು ನಾಶಮಾಡುತ್ತವೆ. ಮನುಷ್ಯರಲ್ಲಿ ಅತ್ಯಂತ ಹೆಚ್ಚು ವೈವಿಧ್ಯ ಇರುವುದು ಈ ಎಚ್‌ಎಲ್‌ಎ ವಂಶವಾಹಿಗಳಲ್ಲೇ. ಒಬ್ಬರ ಎಚ್‌ಎಲ್‌ಎಗೆ ಚೆನ್ನಾಗಿ ಹೊಂದಿಕೊಳ್ಳುವ ಚೂರು ಇನ್ನೊಬ್ಬರದಕ್ಕೆ ಹೊಂದುವುದೇ ಇಲ್ಲ. ಹೀಗಾಗಿ ಒಬ್ಬರ ದೇಹಕ್ಕೆ ಕಾಣುವ ವೈರಾಣುವಿನ ಭಾಗ ಇನ್ನೊಬ್ಬರ ದೇಹಕ್ಕೆ ಕಾಣದಿರಬಹುದು. ಒಡಹುಟ್ಟಿದವರಲ್ಲೂ ಪೂರ್ತಿ ಒಂದೇ ಬಗೆಯ ಎಚ್‌ಎಲ್‌ಎ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಕಸಿಗೆ ದಾನಿಗಳನ್ನು ಹುಡುಕಿದ ಕುಟುಂಬಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ಐರ್ಲೆಂಡಿನ ಮಹಿಳೆಯರಲ್ಲಿ ಎಚ್‌ಎಲ್‌ಎ-ಬಿ27 ಎಂಬ ಬಗೆ ಇದ್ದವರು ವೈರಾಣುವನ್ನು ಹೊರಹಾಕಿದ್ದು ಹೆಚ್ಚು. ಈ ಬಿ27 ಹೆಸರನ್ನು ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವ ರೋಗಿಗಳು ಕೇಳಿರುತ್ತಾರೆ. ಅಲ್ಲಿ ಅಪಾಯ ತರುವ ಅಣುವೇ ಇಲ್ಲಿ ರಕ್ಷಣೆ ಕೊಡುತ್ತದೆ. ಕಾರಣವನ್ನೂ ಹುಡುಕಿದ್ದಾರೆ. ವೈರಾಣು ತನ್ನ ಪ್ರತಿಗಳನ್ನು ತಯಾರಿಸಲು ಬಳಸುವ ಕಿಣ್ವದ ಒಂದು ನಿರ್ದಿಷ್ಟ ಚೂರನ್ನು ಬಿ27 ಬಹಳ ಚೆನ್ನಾಗಿ ಹಿಡಿದು ತೋರಿಸುತ್ತದೆ, ಮತ್ತು ಆ ಜಾಗದಲ್ಲಿ ವೈರಾಣು ಸುಲಭವಾಗಿ ವೇಷ ಬದಲಿಸಿಕೊಳ್ಳಲಾರದು. ಆದರೆ ಇದು ನಡೆಯುವುದು ಹೆಪಟೈಟಿಸ್ ಸಿಯ ಒಂದನೇ ಜೀನೋಟೈಪಿನಲ್ಲಿ, ಅಂದರೆ ಒಂದನೇ ತಳಿಯಲ್ಲಿ, ಮಾತ್ರ. ಭಾರತದಲ್ಲಿ ಹೆಚ್ಚಾಗಿ ಕಾಣುವ ಮೂರನೇ ಜೀನೋಟೈಪಿನಲ್ಲಿ ಆ ಚೂರಿನ ರಚನೆಯೇ ಬೇರೆ, ಆದ್ದರಿಂದ ಬಿ27 ಇದ್ದರೂ ಅಲ್ಲಿ ಆ ಲಾಭವಿಲ್ಲ. ರಕ್ಷಣೆ ಎಂಬುದು ವ್ಯಕ್ತಿಯ ವಂಶವಾಹಿಯಲ್ಲಿ ಮಾತ್ರ ಇರುವ ಗುಣವಲ್ಲ. ಆ ವಂಶವಾಹಿ ಮತ್ತು ಎದುರಿಗಿರುವ ವೈರಾಣುವಿನ ತಳಿ ಎರಡೂ ಕೂಡಿದಾಗ ಮೂಡುವ ಗುಣ. ವಿದೇಶದ ಅಧ್ಯಯನವೊಂದನ್ನು ಓದಿ ನಮ್ಮ ರೋಗಿಗೆ ಹಾಗೆಯೇ ಅನ್ವಯಿಸಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೆಪಟೈಟಿಸ್ ಸಿ ವಿಷಯದಲ್ಲಿ ಇನ್ನೊಂದು ಶೋಧ ಎಚ್‌ಎಲ್‌ಎಗಿಂತಲೂ ಹೆಚ್ಚು ಸುದ್ದಿ ಮಾಡಿತು. 2009ರವರೆಗೆ ಈ ಕಾಯಿಲೆಗೆ ಇದ್ದದ್ದು ಇಂಟರ್‌ಫೆರಾನ್ (ವೈರಾಣುವಿನ ವಿರುದ್ಧ ನಮ್ಮ ದೇಹವೂ ತಯಾರಿಸುವ ಪ್ರೋಟೀನು) ಚುಚ್ಚುಮದ್ದು ಮತ್ತು ರಿಬಾವಿರಿನ್ ಮಾತ್ರೆ. ಒಂದನೇ ಜೀನೋಟೈಪ್ ಇದ್ದವರಿಗೆ 48 ವಾರಗಳ ಚಿಕಿತ್ಸೆ, ಜ್ವರ, ಖಿನ್ನತೆ, ರಕ್ತಹೀನತೆ, ಕೊನೆಗೆ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಗುಣ. ಅಮೆರಿಕದಲ್ಲಿ ಕಪ್ಪುವರ್ಣೀಯ ರೋಗಿಗಳಲ್ಲಿ ಫಲ ಇನ್ನೂ ಕಡಿಮೆ ಇತ್ತು. ಆ ವರ್ಷ ಸಾವಿರಕ್ಕೂ ಹೆಚ್ಚು ರೋಗಿಗಳ ಇಡೀ ಜೀನೋಮನ್ನು, ಅಂದರೆ ನಾಲ್ಕು ಅಕ್ಷರಗಳಲ್ಲಿ ಬರೆದಂತಿರುವ ಡಿಎನ್‌ಎಯನ್ನು, ಜಾಲಾಡಿದಾಗ, 19ನೇ ಕ್ರೋಮೋಸೋಮಿನಲ್ಲಿ, ಲ್ಯಾಂಬ್ಡಾ ಇಂಟರ್‌ಫೆರಾನಿನ ವಂಶವಾಹಿಗಳ ಬಳಿ ಇರುವ ಒಂದೇ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿತು. ಆ ಜಾಗದಲ್ಲಿ ತಂದೆ ತಾಯಿ ಇಬ್ಬರಿಂದಲೂ 'ಸಿ' ಅಕ್ಷರ ಪಡೆದವರಲ್ಲಿ ಚಿಕಿತ್ಸೆ ಫಲಿಸುವ ಪ್ರಮಾಣ ಸುಮಾರು ಎರಡು ಪಟ್ಟು. ಅದೇ ವರ್ಷ, ಚಿಕಿತ್ಸೆಯಿಲ್ಲದೆ ತಾನಾಗಿ ವೈರಾಣು ಹೊರಹೋಗುವುದಕ್ಕೂ ಇದೇ ಅಕ್ಷರ ಸಹಾಯಕ ಎಂದು ಇನ್ನೊಂದು ತಂಡ ತೋರಿಸಿತು. ಈ ಅನುಕೂಲಕರ ರೂಪ ಪೂರ್ವ ಏಷ್ಯಾದಲ್ಲಿ ಅತಿ ಹೆಚ್ಚು, ಯುರೋಪಿನಲ್ಲಿ ಮಧ್ಯಮ, ಆಫ್ರಿಕಾ ಮೂಲದವರಲ್ಲಿ ಕಡಿಮೆ. ಜನಾಂಗಗಳ ನಡುವೆ ಕಾಣುತ್ತಿದ್ದ ಚಿಕಿತ್ಸಾಫಲದ ವ್ಯತ್ಯಾಸದಲ್ಲಿ ಸುಮಾರು ಅರ್ಧಭಾಗಕ್ಕೆ ಇದರಿಂದ ವಿವರಣೆ ದೊರೆಯಿತು.

ಇದರ ಒಳಗುಟ್ಟು ತಿಳಿದದ್ದು 2013ರಲ್ಲಿ, ಮತ್ತು ಅದು ಯಾರೂ ನಿರೀಕ್ಷಿಸದ ರೀತಿಯಲ್ಲಿ ಇತ್ತು. ಅದೇ ಜಾಗದ ಪಕ್ಕದಲ್ಲಿ ಐಎಫ್‌ಎನ್‌ಎಲ್4 ಎಂಬ, ಅಲ್ಲಿಯವರೆಗೆ ಗೊತ್ತಿರದಿದ್ದ ಇನ್ನೊಂದು ಇಂಟರ್‌ಫೆರಾನಿನ ವಂಶವಾಹಿ ಇದೆ. ವೈರಾಣುವಿನ ವಿರುದ್ಧ ಹೋರಾಡುವ ಪ್ರೋಟೀನ್ ಅಲ್ಲವೇ, ಅದು ಸರಿಯಾಗಿ ಕೆಲಸ ಮಾಡುವವರಿಗೆ ಅನುಕೂಲವಾಗಬೇಕು ಎಂದುಕೊಳ್ಳುತ್ತೇವೆ. ನಡೆಯುವುದು ಇದಕ್ಕೆ ವಿರುದ್ಧ. ಈ ವಂಶವಾಹಿ ಕೆಟ್ಟುಹೋಗಿ ಪ್ರೋಟೀನನ್ನೇ ತಯಾರಿಸಲಾಗದವರು ಹೆಪಟೈಟಿಸ್ ಸಿ ವೈರಾಣುವನ್ನು ಸುಲಭವಾಗಿ ಹೊರಹಾಕುತ್ತಾರೆ. ತಯಾರಿಸಬಲ್ಲವರಲ್ಲಿ ಅದು ಉಳಿದುಬಿಡುತ್ತದೆ. ಲಿವರಿನ ರಕ್ಷಣಾ ವ್ಯವಸ್ಥೆ ಸದಾ ಅರೆಬರೆ ಉದ್ರೇಕದಲ್ಲಿದ್ದು, ನಿಜವಾಗಿ ಬೇಕಾದಾಗ ಸ್ಪಂದಿಸದೇ ಹೋಗುತ್ತದೆ ಎಂಬುದು ಈಗಿನ ವಿವರಣೆ. ಇಷ್ಟು ಸೊಗಸಾದ ಶೋಧದ ಚಿಕಿತ್ಸಾ ಮಹತ್ವ ಮಾತ್ರ ಬೇಗ ಕರಗಿತು. 2013ರ ಕೊನೆಯಲ್ಲಿ ಸೋಫೋಸ್‌ಬುವಿರ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಬಹುಪಾಲು ರೋಗಿಗಳಿಗೆ 12 ವಾರ ಮಾತ್ರೆ ಸಾಕು, ನೂರರಲ್ಲಿ 95 ಮಂದಿಗೆ ಗುಣ, ಯಾರ ಅಕ್ಷರ ಯಾವುದು ಎಂದು ಕೇಳುವ ಅಗತ್ಯವೇ ಇಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ.

ಮತ್ತೆ ಹೆಪಟೈಟಿಸ್ ಬಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯ ವೈರಾಣು ಅದು. ಇಲ್ಲಿಯೂ ಮುಖ್ಯ ಪಾತ್ರ ಎಚ್‌ಎಲ್‌ಎಯದೇ. 1995ರಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ನಡೆದ ಅಧ್ಯಯನದಲ್ಲಿ ಡಿಆರ್‌ಬಿ1*1302 ಎಂಬ ಎಚ್‌ಎಲ್‌ಎ ಬಗೆ ಇದ್ದವರಲ್ಲಿ ಸೋಂಕು ಶಾಶ್ವತವಾಗಿ ಉಳಿಯುವುದು ಕಡಿಮೆ ಎಂದು ಕಂಡುಬಂತು. ಅದೇ ಬಗೆಗೆ ಅಲ್ಲಿನ ಮಕ್ಕಳಲ್ಲಿ ತೀವ್ರ ಮಲೇರಿಯಾದ ವಿರುದ್ಧದ ರಕ್ಷಣೆಯೊಂದಿಗೂ ನಂಟಿದೆ ಎಂದು ಮೊದಲೇ ಗೊತ್ತಿತ್ತು. ಮಲೇರಿಯಾ ತಲೆಮಾರುಗಳ ಕಾಲ ಮಕ್ಕಳನ್ನು ಕೊಲ್ಲುತ್ತ ಜರಡಿ ಹಿಡಿದು ಉಳಿಸಿದ ವಂಶವಾಹಿಯೊಂದು ಲಿವರಿನ ವೈರಾಣುವಿನ ವಿರುದ್ಧವೂ ಉಪಯೋಗಕ್ಕೆ ಬಂದಿರಬಹುದು. 2009ರಲ್ಲಿ ಜಪಾನಿನ ತಂಡವೊಂದು ಇಡೀ ಜೀನೋಮನ್ನು ಶೋಧಿಸಿ, ಎಚ್‌ಎಲ್‌ಎ-ಡಿಪಿ ಎಂಬ ಭಾಗದ ವ್ಯತ್ಯಾಸಗಳು ಹೆಪಟೈಟಿಸ್ ಬಿ ಉಳಿಯುವುದಕ್ಕೂ ಹೋಗುವುದಕ್ಕೂ ಸಂಬಂಧಿಸಿವೆ ಎಂದು ತೋರಿಸಿತು. ಏಷ್ಯಾದ ಹಲವು ಜನಸಮುದಾಯಗಳಲ್ಲಿ ಇದು ಮತ್ತೆ ಮತ್ತೆ ದೃಢಪಟ್ಟಿದೆ.

ಇವೆಲ್ಲ ಸೋಂಕು ತಗುಲಿದ ಮೇಲಿನ ಕಥೆ. ಸೋಂಕೇ ತಗುಲದಂತೆ ತಡೆಯುವ ವಂಶವಾಹಿ ಇದೆಯೇ ಎಂದರೆ, ಹತ್ತಿರ ಬರುವಂಥದ್ದು ಒಂದಿದೆ. ಹೆಪಟೈಟಿಸ್ ಬಿ ವೈರಾಣು ಲಿವರಿನ ಕೋಶದೊಳಗೆ ನುಸುಳುವುದು ಎನ್‌ಟಿಸಿಪಿ ಎಂಬ ಪ್ರೋಟೀನಿನ ಮೂಲಕ ಎಂದು 2012ರಲ್ಲಿ ಬೀಜಿಂಗಿನ ವಿಜ್ಞಾನಿಗಳು ಕಂಡುಹಿಡಿದರು. ಈ ಪ್ರೋಟೀನಿನ ಮಾಮೂಲಿ ಕೆಲಸ ರಕ್ತದಲ್ಲಿರುವ ಪಿತ್ತದ ಆಮ್ಲಗಳನ್ನು ಲಿವರಿನೊಳಗೆ ಎಳೆದುಕೊಳ್ಳುವುದು; ವೈರಾಣು ಆ ದಾರಿಯನ್ನು ಕದ್ದು ಬಳಸುತ್ತದೆ. ಚೀನಾ, ವಿಯೆಟ್ನಾಂ ಮೊದಲಾದ ಪೂರ್ವ ಮತ್ತು ಆಗ್ನೇಯ ಏಷ್ಯಾದ ಜನರಲ್ಲಿ ಕೆಲವರಿಗೆ ಈ ಪ್ರೋಟೀನಿನ 267ನೇ ಸ್ಥಾನದಲ್ಲಿ ಸೆರಿನ್ ಬದಲು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅಂಥವರಲ್ಲಿ ಶಾಶ್ವತ ಹೆಪಟೈಟಿಸ್ ಬಿ ಗಣನೀಯವಾಗಿ ಕಡಿಮೆ. ಆದರೆ ಇದು ಪುಕ್ಕಟೆಯಾಗಿ ಬಂದ ವರವಲ್ಲ: ಎರಡೂ ಪ್ರತಿಗಳಲ್ಲಿ ಈ ಬದಲಾವಣೆ ಇರುವವರ ರಕ್ತದಲ್ಲಿ ಪಿತ್ತದ ಆಮ್ಲ ಏರಿರುತ್ತದೆ. ರಕ್ಷಣೆ ಪೂರ್ಣವೂ ಅಲ್ಲ, ಅವರಲ್ಲೂ ಸೋಂಕಿತರು ಸಿಕ್ಕಿದ್ದಾರೆ. ಇದೇ ಬಾಗಿಲನ್ನು ಔಷಧದಿಂದ ಮುಚ್ಚುವ ಬುಲೆವಿರ್ಟೈಡ್ ಎಂಬ ಚುಚ್ಚುಮದ್ದಿಗೆ, ಹೆಪಟೈಟಿಸ್ ಬಿ ಜೊತೆಗಷ್ಟೇ ಬದುಕುವ ಹೆಪಟೈಟಿಸ್ ಡಿ ಕಾಯಿಲೆಗಾಗಿ, 2020ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿದೆ.

ರಕ್ತಸಂಬಂಧದ ಮದುವೆಯ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಲೆ ಹೇಳಿದ ವ್ಯತ್ಯಾಸಗಳೆಲ್ಲ ಜನಸಮುದಾಯದಲ್ಲಿ ಸಾಮಾನ್ಯವಾಗಿರುವಂಥವು, ಒಂದೊಂದರ ಪ್ರಭಾವವೂ ಸಣ್ಣದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದರಿಂದ ಅವುಗಳ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ರಕ್ತಸಂಬಂಧ ಮುಖ್ಯವಾಗುವುದು ತಂದೆ-ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವ ಅಪರೂಪದ ದೋಷಗಳಲ್ಲಿ. ಅಂಥದ್ದೊಂದು ವೈರಲ್ ಹೆಪಟೈಟಿಸ್‌ನಲ್ಲಿಯೂ ದಾಖಲಾಗಿದೆ. ಹೆಪಟೈಟಿಸ್ ಎ, ಕಲುಷಿತ ನೀರು-ಆಹಾರದಿಂದ ಬರುವ ಕಾಮಾಲೆ, ಮಕ್ಕಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಲಿವರ್ ಪೂರ್ತಿ ವಿಫಲವಾಗುವುದು ಬಹಳ ವಿರಳ. ಹಾಗೆ ಲಿವರ್ ವಿಫಲವಾಗಿ ತೀರಿಕೊಂಡ 11 ವರ್ಷದ ಬಾಲಕಿಯೊಬ್ಬಳ ವಂಶವಾಹಿಗಳನ್ನು ಪರಿಶೀಲಿಸಿದ ಸಂಶೋಧಕರು 2019ರಲ್ಲಿ ಕಾರಣವನ್ನು ಪ್ರಕಟಿಸಿದರು. ಉರಿಯೂತವನ್ನು ಹೆಚ್ಚಿಸುವ ಐಎಲ್-18 ಎಂಬ ಸಂದೇಶವಾಹಕಕ್ಕೆ ಕಡಿವಾಣ ಹಾಕುವ ಪ್ರೋಟೀನಿನ ವಂಶವಾಹಿಯಲ್ಲಿ, ಆಕೆಯ ಎರಡೂ ಪ್ರತಿಗಳಲ್ಲಿ, 40 ಅಕ್ಷರಗಳು ಬಿಟ್ಟುಹೋಗಿದ್ದವು. ವೈರಾಣು ನೆಪಮಾತ್ರ, ಲಿವರನ್ನು ನಾಶಮಾಡಿದ್ದು ಕಡಿವಾಣವಿಲ್ಲದೆ ಎದ್ದ ಆಕೆಯದೇ ರಕ್ಷಣಾ ಕೋಶಗಳು. ಮನೆಯಲ್ಲಿ ಮಗುವೊಂದು ಕಾಮಾಲೆಯಿಂದ ಹೀಗೆ ಹಠಾತ್ತನೆ ತೀರಿಕೊಂಡ ಇತಿಹಾಸವಿದ್ದರೆ ಆನುವಂಶಿಕ ಪರೀಕ್ಷೆಗೆ ಅರ್ಥವಿದೆ. ಹಾಗೆಯೇ, ಎಲ್ಲ ವೈರಾಣು ಪರೀಕ್ಷೆಗಳೂ ನೆಗೆಟಿವ್ ಬಂದ ಮಗುವಿನ ಕಾಮಾಲೆಯ ಹಿಂದೆ ವಿಲ್ಸನ್ ಕಾಯಿಲೆ, ಅಂದರೆ ದೇಹದಲ್ಲಿ ತಾಮ್ರ ಶೇಖರವಾಗುವ ನಿಜವಾದ ವಂಶಪಾರಂಪರ್ಯ ಕಾಯಿಲೆ, ಇರಬಹುದು. ಅದಕ್ಕೆ ಔಷಧವಿದೆ, ಆದ್ದರಿಂದ ತಪ್ಪಿಸಿಕೊಳ್ಳಬಾರದು. ನಿಮ್ಮ ಮನೆಯ ಕಥೆ ಇವೆರಡೂ ಅಲ್ಲ.

ನಿಮ್ಮ ಸೋದರಮಾವನ ಕ್ಯಾನ್ಸರ್ ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುವ ವಿಷಯ. ಹೆಪಟೈಟಿಸ್ ಬಿ ಇರುವವರಲ್ಲಿ, ರಕ್ತಸಂಬಂಧಿಗಳಿಗೆ ಲಿವರ್ ಕ್ಯಾನ್ಸರ್ ಬಂದಿದ್ದರೆ ಅಪಾಯ ಹೆಚ್ಚು ಎಂಬುದು ಸ್ಪಷ್ಟವಾಗಿ ಗೊತ್ತಾಗಿದೆ. ತಂದೆ, ತಾಯಿ, ಒಡಹುಟ್ಟಿದವರಾದರೆ ಇನ್ನೂ ಹೆಚ್ಚು. ಅದರಲ್ಲಿ ವಂಶವಾಹಿಗಳ ಪಾಲೆಷ್ಟು, ಎಳೆತನದಲ್ಲೇ ತಗುಲಿದ ಒಂದೇ ವೈರಾಣುವಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಿಮ್ಮ ಅಣ್ಣನ ಮಟ್ಟಿಗೆ ಆ ಲೆಕ್ಕದಿಂದ ಪ್ರಯೋಜನವೂ ಇಲ್ಲ. ಅವರು 40 ದಾಟಿದ ಗಂಡಸು, ಕುಟುಂಬದಲ್ಲಿ ಕ್ಯಾನ್ಸರ್ ಇದೆ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಲೇಬೇಕು, ಮೈಯಲ್ಲಿ ಏನೂ ತೊಂದರೆ ಕಾಣದಿದ್ದರೂ ಸರಿ. ವೈರಾಣುವಿನ ಪ್ರಮಾಣ ಅಳೆಯುವ ಡಿಎನ್‌ಎ ಪರೀಕ್ಷೆ, ಲಿವರಿಗೆ ಹಾನಿಯಾಗುತ್ತಿದೆಯೇ ಎಂದು ತೋರಿಸುವ ಎಎಲ್‌ಟಿ ರಕ್ತಪರೀಕ್ಷೆ, ಲಿವರಿನ ಬಿಗಿತ ಅಳೆಯುವ ಸ್ಕ್ಯಾನ್ ನೋಡಿ, ಮಾತ್ರೆ ಬೇಕೇ ಎಂದು ತಜ್ಞರು ನಿರ್ಧರಿಸುತ್ತಾರೆ. ಕುಡಿತ ಪೂರ್ತಿ ಬಿಡಬೇಕು. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಬೇಕು. ಇಲ್ಲಿ ಇನ್ನೊಂದು ವಂಶವಾಹಿಯ ಮಾತು ಬರುತ್ತದೆ: 2008ರಲ್ಲಿ ಬೆಳಕಿಗೆ ಬಂದ ಪಿಎನ್‌ಪಿಎಲ್‌ಎ3 ಎಂಬುದರ ಒಂದು ರೂಪ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳಲು ಕಾರಣವಾಗುತ್ತದೆ, ಭಾರತೀಯರಲ್ಲಿ ಅದು ಅಪರೂಪವೇನಲ್ಲ. ಕೊಬ್ಬು, ಮದ್ಯ, ವೈರಾಣು ಮೂರೂ ಒಂದೇ ಲಿವರಿನ ಮೇಲೆ ಬಿದ್ದರೆ ಸಿರೋಸಿಸ್ ಬೇಗ ಬರುತ್ತದೆ. ವಂಶವಾಹಿಯನ್ನು ಬದಲಿಸಲಾಗದು, ಸೊಂಟದ ಸುತ್ತಳತೆಯನ್ನು ಬದಲಿಸಬಹುದು.

ಇನ್ನು ಜೀನ್ ಪರೀಕ್ಷೆ. ನನ್ನ ಸಲಹೆ ಸ್ಪಷ್ಟ: ಬೇಡ. ಎಂಜಲು ಕಳಿಸಿದರೆ ನೂರೆಂಟು ಕಾಯಿಲೆಗಳ ಅಪಾಯ ಹೇಳುತ್ತೇವೆ ಎನ್ನುವ ವರದಿಗಳಲ್ಲಿ ಹೆಪಟೈಟಿಸ್ ಬಗ್ಗೆ ಏನು ಬರೆದಿದ್ದರೂ ಅದರಿಂದ ನಿಮ್ಮ ಮನೆಯ ಯಾರೊಬ್ಬರ ಚಿಕಿತ್ಸೆಯೂ ಬದಲಾಗುವುದಿಲ್ಲ. ಸಾವಿರಾರು ಜನರ ಗುಂಪಿನಲ್ಲಿ 'ಒಂದೂವರೆ ಪಟ್ಟು ಹೆಚ್ಚು' ಎಂದು ಕಾಣುವ ವ್ಯತ್ಯಾಸ, ಒಬ್ಬ ವ್ಯಕ್ತಿಯ ವಿಷಯದಲ್ಲಿ ಭವಿಷ್ಯ ಹೇಳಲಾರದು. ಅದೂ ಅಲ್ಲದೆ, ಈ ಅಧ್ಯಯನಗಳಲ್ಲಿ ಬಹುಪಾಲು ನಡೆದದ್ದು ಪೂರ್ವ ಏಷ್ಯಾ ಮತ್ತು ಯುರೋಪಿನ ಜನರ ಮೇಲೆ. ನಮ್ಮಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ರೋಗಿಗಳ ಸಂಖ್ಯೆ ಚಿಕ್ಕದು. ಅಂಥವುಗಳ ಫಲಿತಾಂಶ ಬೇರೆ ಊರಿನಲ್ಲಿ ಮತ್ತೆ ನೋಡಿದಾಗ ಹಾಗೆಯೇ ಬರುವುದು ಕಡಿಮೆ. ಜಾತಿಯೊಳಗೇ ಮದುವೆಯಾಗುತ್ತ ಬಂದಿರುವ ಸಮುದಾಯಗಳ ದೇಶದಲ್ಲಿ ಒಂದು ಸಮುದಾಯದ ಲೆಕ್ಕ ಇನ್ನೊಂದಕ್ಕೆ ಹೊಂದದಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10 ಸಾವಿರ ಭಾರತೀಯರ ಜೀನೋಮುಗಳನ್ನು ಓದಿದೆ. ಯಾವ ರೂಪ ನಮ್ಮಲ್ಲಿ ಎಷ್ಟು ಮಂದಿಗೆ ಇದೆ ಎಂಬ ತಳಹದಿ ಅದರಿಂದ ಸಿಗುತ್ತದೆ. ಹೆಪಟೈಟಿಸ್ ಕುರಿತ ಒಳ್ಳೆಯ ಅಧ್ಯಯನಗಳು ಅದರ ಮೇಲೆ ಇನ್ನು ಮುಂದೆ ಕಟ್ಟಬೇಕಾದವು.

ಆ ಹಣವನ್ನು ಮನೆಯ ಉಳಿದವರ ಸಾಮಾನ್ಯ ರಕ್ತಪರೀಕ್ಷೆಗೆ ಬಳಸಿ. ಸೋದರಮಾವನ ಮಕ್ಕಳು, ತಾಯಿಯ ಇತರ ಒಡಹುಟ್ಟಿದವರು, ಅತ್ತಿಗೆ, ಅಣ್ಣನ ಮಕ್ಕಳು, ನಿಮ್ಮ ತಂದೆ, ಎಲ್ಲರಿಗೂ, ಹೆಪಟೈಟಿಸ್ ಬಿ ಸೋಂಕು ಈಗ ಇದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಮಂದಿಗೆ ಹೆಪಟೈಟಿಸ್ ಬಿ ಇತ್ತು, ಅವರಲ್ಲಿ ಬಹುತೇಕರಿಗೆ ಅದು ಗೊತ್ತೇ ಇಲ್ಲ. ತಂಗಿಗೆ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಮೂರು ಡೋಸ್ ಲಸಿಕೆ ಇವತ್ತೇ ಶುರುಮಾಡಬಹುದು. ಆಕೆ ತಪ್ಪಿಸಿಕೊಂಡದ್ದು ಹುಟ್ಟುಗುಣದ ರಕ್ಷಣೆಯಿಂದ ಎಂದು ನಂಬಿ ಕೂರಬಾರದು. ನಿಮಗೆ ವಾಸಿಯಾಗಿದ್ದರೂ ಒಂದು ಎಚ್ಚರಿಕೆ ಇದೆ. ವೈರಾಣುವಿನ ಡಿಎನ್‌ಎ ಲಿವರಿನ ಕೋಶಗಳಲ್ಲಿ ಸುಪ್ತವಾಗಿ ಉಳಿದಿರುತ್ತದೆ. ಮುಂದೆ ಎಂದಾದರೂ ಕ್ಯಾನ್ಸರ್ ಚಿಕಿತ್ಸೆ, ರಿಟುಕ್ಸಿಮ್ಯಾಬ್ ಅಥವಾ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಬೇರೆ ಔಷಧ ತೆಗೆದುಕೊಳ್ಳಬೇಕಾಗಿ ಬಂದರೆ, ಈ ಹಿಂದಿನ ಸೋಂಕಿನ ವರದಿಯನ್ನು ವೈದ್ಯರಿಗೆ ಮೊದಲೇ ತೋರಿಸಿ.

ನಿಮ್ಮ ಪತ್ನಿಯ ವಿಷಯದಲ್ಲಿ ನಿಮ್ಮ ಊಹೆ ಸರಿಯಿರಬಹುದು. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮೂರು ಡೋಸ್ ಆದ ಮೇಲೂ ಆಂಟಿಬಾಡಿ ರಕ್ಷಣೆಯ ಮಟ್ಟವಾದ 10 ಯೂನಿಟ್ ಮುಟ್ಟುವುದಿಲ್ಲ. ಎಚ್‌ಎಲ್‌ಎಯ ಡಿಆರ್3 ಮತ್ತು ಡಿಆರ್7 ಬಗೆ ಇದ್ದವರಲ್ಲಿ ಇದು ಹೆಚ್ಚು ಎಂದು ಹಲವು ದೇಶಗಳಲ್ಲಿ ಕಂಡಿದೆ. ಲಸಿಕೆಯಲ್ಲಿರುವುದು ವೈರಾಣುವಿನ ಒಂದೇ ಪ್ರೋಟೀನು. ಅದರ ಚೂರುಗಳನ್ನು ಸರಿಯಾಗಿ ಹಿಡಿದು ತೋರಿಸದ ಎಚ್‌ಎಲ್‌ಎ ಇದ್ದರೆ ದೇಹ ಲಸಿಕೆಯನ್ನು ಗಮನಿಸದೇ ಬಿಡುತ್ತದೆ. ಆದರೆ ವಯಸ್ಸು ನಲವತ್ತು ದಾಟಿರುವುದು, ಬೊಜ್ಜು, ಸಿಗರೇಟು, ಮೂತ್ರಪಿಂಡದ ಕಾಯಿಲೆ, ಚುಚ್ಚುಮದ್ದನ್ನು ತೋಳಿನ ಬದಲು ಪೃಷ್ಠಕ್ಕೆ ಕೊಟ್ಟಿರುವುದು ಇವೂ ಕಾರಣಗಳೇ. ಆಂಟಿಬಾಡಿ ಪರೀಕ್ಷೆಯನ್ನು ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಲ್ಲಿ ಮಾಡಿಸಿದ್ದರೆ ಮಾತ್ರ ಆ ವರದಿಯನ್ನು ನಂಬಬಹುದು. ಹತ್ತು ವರ್ಷದ ಮೇಲೆ ಮಾಡಿಸಿದ್ದರೆ, ಬಂದಿದ್ದ ಆಂಟಿಬಾಡಿ ಇಳಿದುಹೋಗಿರಬಹುದು, ರಕ್ಷಣೆಯ ನೆನಪು ಉಳಿದಿರಬಹುದು. ಈಗ ಮಾಡಬೇಕಾದದ್ದು ಮೊದಲು ಎಚ್‌ಬಿಎಸ್‌ಎಜಿ ಮತ್ತು ಎಂದಾದರೂ ಸೋಂಕು ತಗುಲಿತ್ತೇ ಎಂದು ಹೇಳುವ ಕೋರ್ ಆಂಟಿಬಾಡಿ ನೋಡಿ ಆಕೆಗೇ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು. ಆಮೇಲೆ ಇನ್ನೊಂದು ಸುತ್ತು ಮೂರು ಡೋಸ್ ತೋಳಿಗೆ ಹಾಕಿಸಿ, ಒಂದೆರಡು ತಿಂಗಳಿಗೆ ಮತ್ತೆ ಪರೀಕ್ಷೆ. ಮೊದಲ ಸುತ್ತಿನಲ್ಲಿ ಸ್ಪಂದಿಸದವರಲ್ಲಿ ಬಹಳ ಮಂದಿ ಈ ಸುತ್ತಿನಲ್ಲಿ ಸ್ಪಂದಿಸುತ್ತಾರೆ. ಆಗಲೂ ಬರದಿದ್ದರೆ, ಆಕೆ ಕೆಲಸ ಮಾಡುವ ಆಸ್ಪತ್ರೆಯ ಸೋಂಕು ನಿಯಂತ್ರಣ ವಿಭಾಗದಲ್ಲಿ 'ಲಸಿಕೆಗೆ ಸ್ಪಂದಿಸದವರು' ಎಂದು ದಾಖಲಿಸಿಡಲು ಹೇಳಿ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿಕೊಂಡರೆ, ಸಾಧ್ಯವಾದರೆ 24 ಗಂಟೆಯೊಳಗೆ, ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸಿದ್ಧ ಆಂಟಿಬಾಡಿಗಳ ಚುಚ್ಚುಮದ್ದು, ಆಕೆಗೆ ಸಿಗಬೇಕು, ಒಂದು ತಿಂಗಳ ನಂತರ ಎರಡನೇ ಡೋಸ್ ಕೂಡ.